ಹಿಪ್ಪೆ ಎಂದರೆ ಕಸವಲ್ಲ

‘ಬೆಲೆಯೇರಿಕೆ ಜನಸಾಮಾನ್ಯರನ್ನು ಹಿಂಡಿ ಹಿಪ್ಪೆ ಮಾಡಿದೆ’ ಎಂಬಂಥ ವಾಕ್ಯವನ್ನು ಓದದ ಕನ್ನಡಿಗರು ಇರಲಾರರು. ಪತ್ರಿಕೆಗಳ ತಲೆಬರಹಗಳಲ್ಲಿಯೂ ಸಭೆಗಳ ಭಾಷಣಗಳಲ್ಲಿಯೂ ಈ ನುಡಿಗಟ್ಟು ಇಂದಿಗೂ ಸವೆಯದೆ ಓಡಾಡುತ್ತಿದೆ. ಆದರೆ ಅದರೊಳಗಿನ ‘ಹಿಪ್ಪೆ’ ಎಂಬ ಪದಕ್ಕೆ ಅರ್ಥವೇನೆಂದು ಒಮ್ಮೆ ಸಾಹಿತ್ಯದ ವಿದ್ಯಾರ್ಥಿಗಳ ಒಂದು ಸಣ್ಣ ಗುಂಪಿನಲ್ಲಿ ಕೇಳಿದೆ. ಒಬ್ಬರು ಸಿಪ್ಪೆ ಎಂದರು, ಒಬ್ಬರು ಪುಡಿ ಎಂದರು, ಮತ್ತೊಬ್ಬರು ಕಸ ಎಂದರು. ಬಯಲುಸೀಮೆಯಿಂದ ಬಂದಿದ್ದ ಒಬ್ಬ ವಿದ್ಯಾರ್ಥಿನಿ ಅದೊಂದು ಮರದ ಹೆಸರು ಎಂದಳು. ನಾಲ್ಕು ಉತ್ತರಗಳಲ್ಲಿ ಸರಿಯೆನ್ನಬಹುದಾದುದು ಈ ಕೊನೆಯದೊಂದೇ. ಆದರೆ ಅದು ನಾನು ಕೇಳಿದ ಹಿಪ್ಪೆಯಲ್ಲ, ಬೇರೊಂದು ಹಿಪ್ಪೆ.

ರಸವನ್ನು ಹಿಂಡಿ ತೆಗೆದ ಮೇಲೆ ಕೈಯಲ್ಲಿ ಉಳಿಯುವ ಹಣ್ಣಿನ ತಿರುಳೇ ಹಿಪ್ಪೆ. ಮಾವು, ನಿಂಬೆ, ಹುಣಸೆ, ಕಬ್ಬು, ತುರಿದ ತೆಂಗಿನಕಾಯಿ ಇವುಗಳಲ್ಲಿ ಯಾವುದನ್ನು ಹಿಂಡಿದರೂ ಕೊನೆಗೆ ಉಳಿಯುವುದು ಹಿಪ್ಪೆ. ಪದ ಸತ್ತಿಲ್ಲ, ನುಡಿಗಟ್ಟಿನೊಳಗೆ ಸೆರೆಯಾಗಿದೆ. ನಾಮಪದವಾಗಿ ಸ್ವತಂತ್ರವಾಗಿ ಬಳಸುವವರು ಕಡಿಮೆಯಾದಂತೆ ಅದರ ಖಚಿತ ಅರ್ಥವೂ ಮಸುಕಾಗುತ್ತಿದೆ. ಇದು ಒಂದು ಪದದ ಕಥೆಯಷ್ಟೇ ಆಗಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಹಿಂಡಿ ಉಳಿದುದನ್ನು ಹೆಸರಿಸುವ ಪದಗಳ ಒಂದು ದೊಡ್ಡ ಕುಟುಂಬವೇ ನಮ್ಮಲ್ಲಿದೆ. ಅದೆಲ್ಲವನ್ನೂ ನಾವು ಈಗ ‘ತ್ಯಾಜ್ಯ’ ಎಂಬ ಒಂದೇ ಮಾತಿನಲ್ಲಿ ಗುಡಿಸಿ ಹಾಕುತ್ತಿದ್ದೇವೆ. ಇದರಿಂದ ನುಡಿಗೆ ನಷ್ಟವಿದೆ. ಅದಕ್ಕಿಂತ ಹೆಚ್ಚಾಗಿ ಹಳೆಯ ಗ್ರಂಥಗಳ ಓದಿಗೆ ನಷ್ಟವಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಪದದ ರೂಪವನ್ನು ನೋಡೋಣ. ಹಳಗನ್ನಡದ ಪದಾದಿ ಪಕಾರವು ಹಕಾರವಾಗುವುದು ಕನ್ನಡ ವ್ಯಾಕರಣದ ಪ್ರಾಥಮಿಕ ಪಾಠ. ಸುಮಾರು 10ನೆಯ ಶತಮಾನದಿಂದ ಶಾಸನಗಳಲ್ಲಿ ಕಾಣತೊಡಗುವ ಈ ಬದಲಾವಣೆಯನ್ನು 13ನೆಯ ಶತಮಾನದ ಕೇಶಿರಾಜನೂ ಶಬ್ದಮಣಿದರ್ಪಣದಲ್ಲಿ ಗುರುತಿಸಿದ್ದಾನೆ. ಪಾಲು ಹಾಲಾಯಿತು, ಪೂ ಹೂವಾಯಿತು, ಸಂಸ್ಕೃತದಿಂದ ಬಂದ ಪಿಪ್ಪಲಿಯೂ ಹಿಪ್ಪಲಿಯಾಯಿತು. ತೆಲುಗಿನಲ್ಲಿ ರಸ ತೆಗೆದು ಉಳಿದುದಕ್ಕೆ ಇಂದಿಗೂ ‘ಪಿಪ್ಪಿ’ ಎನ್ನುತ್ತಾರೆ. ಕಬ್ಬಿನ ಸಿಪ್ಪೆ ಅಲ್ಲಿ ‘ಚೆರುಕು ಪಿಪ್ಪಿ’. ಕನ್ನಡದ ಹಿಪ್ಪೆಯ ಹಿಂದೆಯೂ ಪಕಾರವೇ ಇದ್ದಿರಬೇಕೆಂದು ಈ ಸೋದರಪದ ಸೂಚಿಸುತ್ತದೆ.

ಆ ವಿದ್ಯಾರ್ಥಿನಿ ಹೇಳಿದ ಮರದ ಹೆಸರಿನ ಚರಿತ್ರೆ ಬೇರೆ. ಸಂಸ್ಕೃತದಲ್ಲಿ ಮಧೂಕವೆನಿಸಿಕೊಳ್ಳುವ ಆ ಮರ ತಮಿಳಿನಲ್ಲಿ ‘ಇಲುಪ್ಪೈ’, ತೆಲುಗಿನಲ್ಲಿ ‘ಇಪ್ಪ’, ಕನ್ನಡದಲ್ಲಿ ‘ಇಪ್ಪೆ’ ಮತ್ತು ‘ಹಿಪ್ಪೆ’. ಸೋದರ ನುಡಿಗಳಲ್ಲೆಲ್ಲ ಅದು ಸ್ವರಾದಿ. ಆದ್ದರಿಂದ ಮರದ ಹಿಪ್ಪೆಯ ಹಕಾರ ಪಕಾರದಿಂದ ಬಂದುದಲ್ಲ, ಸ್ವರಕ್ಕೆ ಮುಂದೆ ಬಂದು ಸೇರಿಕೊಂಡದ್ದು. ಒಂದು ಹಿಪ್ಪೆಯಲ್ಲಿ ಹಕಾರವು ಕಳೆದುಹೋದ ಪಕಾರದ ಗುರುತು. ಇನ್ನೊಂದರಲ್ಲಿ ಅದು ಹೊಸದಾಗಿ ಬಂದ ಅತಿಥಿ. ಬರೆಹದಲ್ಲಿ ಎರಡೂ ಒಂದೇ. ಹಿಪ್ಪೆಮರದ ಬೀಜದಿಂದ ಎಣ್ಣೆ ತೆಗೆದ ಮೇಲೆ ಉಳಿಯುವುದು ‘ಹಿಪ್ಪೆ ಹಿಂಡಿ’. ‘ಹಿಂಡಿ ಹಿಪ್ಪೆ’ಯೊಡನೆ ಹೋಲಿಸಿದರೆ ಪದಗಳು ಸ್ಥಾನ ಬದಲಿಸಿದ ಮಾತ್ರಕ್ಕೆ ಮರ ತಿರುಳಾಗುತ್ತದೆ, ಕ್ರಿಯಾಪದ ನಾಮಪದವಾಗುತ್ತದೆ. ನಿಘಂಟುಕಾರನಿಗೆ ಇದಕ್ಕಿಂತ ಒಳ್ಳೆಯ ಎಚ್ಚರಿಕೆ ಬೇಕಿಲ್ಲ.

‘ಹಿಂಡಿ’ ಎಂಬ ಪದದಲ್ಲಿಯೂ ಇಂಥದೇ ಒಂದು ತೊಡಕಿದೆ. ಹಿಂಡು ಎಂಬ ಧಾತುವಿಗೆ ಹಳಗನ್ನಡದ ‘ಪಿೞಿ’, ತಮಿಳು ಮತ್ತು ಮಲಯಾಳಗಳ ‘ಪಿೞಿ’, ತೆಲುಗಿನ ‘ಪಿಂಡು’ ನಂಟುಳ್ಳವು. ಗಾಣದಿಂದ ಎಣ್ಣೆ ಹೋದ ಮೇಲೆ ಉಳಿಯುವ ಗಟ್ಟಿಯಾದ ಬಿಲ್ಲೆಗೆ ಹಿಂಡಿ ಎಂಬ ಹೆಸರು ಈ ಧಾತುವಿಗೆ ಸಹಜವಾಗಿ ಹೊಂದುತ್ತದೆ. ಆದರೆ ಉತ್ತರ ಕರ್ನಾಟಕದಲ್ಲಿ ‘ಶೇಂಗಾ ಹಿಂಡಿ’, ‘ಗುರೆಳ್ಳು ಹಿಂಡಿ’, ‘ಅಗಸಿ ಹಿಂಡಿ’ ಎಂದರೆ ರೊಟ್ಟಿಯೊಡನೆ ಉಣ್ಣುವ ಚಟ್ನಿಪುಡಿ. ಅಲ್ಲಿ ಎಣ್ಣೆ ತೆಗೆದಿಲ್ಲ. ಕಾಳನ್ನು ಹುರಿದು ಕುಟ್ಟಿದ್ದಾರೆ, ಅಷ್ಟೆ. ತೆಲುಗಿನ ‘ಪಿಂಡಿ’, ತಮಿಳಿನ ‘ಪಿಣ್ಡಿ’ಗಳಿಗಿರುವ ಹಿಟ್ಟು ಎಂಬ ಅರ್ಥ ಇಲ್ಲಿ ಕನ್ನಡದಲ್ಲಿ ಉಳಿದಿದೆ. ಹಳೆಯ ಮೈಸೂರಿನ ಕಡೆಯವರು ಧಾರವಾಡದ ಮನೆಯೊಂದರಲ್ಲಿ ಊಟಕ್ಕೆ ಕುಳಿತು ‘ಹಿಂಡಿ ಹಾಕಲೇ?’ ಎಂಬ ಉಪಚಾರಕ್ಕೆ ಬೆಚ್ಚಿಬೀಳುವುದುಂಟು. ಅವರ ಪಾಲಿಗೆ ಹಿಂಡಿ ಹಸುವಿನ ಬಾನಿಗೆ ಸೇರಿದ್ದು. ಒಂದೇ ಪದ ಒಂದು ಪ್ರಾಂತದಲ್ಲಿ ಸಾರ ಕಳೆದುಕೊಂಡದ್ದನ್ನೂ ಇನ್ನೊಂದರಲ್ಲಿ ಸಾರವುಳ್ಳದ್ದನ್ನೂ ಹೇಳುತ್ತದೆ. ನಿಘಂಟು ಪ್ರಾಂತವನ್ನು ಹೇಳದಿದ್ದರೆ ಅರ್ಥವನ್ನೂ ಹೇಳಿದಂತಾಗುವುದಿಲ್ಲ.

ಇನ್ನು ಅರ್ಥಗಳ ಸೂಕ್ಷ್ಮಕ್ಕೆ ಬರೋಣ. ಸಿಪ್ಪೆ, ಹಿಪ್ಪೆ, ಹಿಂಡಿ, ಚರಟ, ಗಸಿ, ಗಷ್ಟು, ಮಡ್ಡಿ ಇವು ಒಂದಕ್ಕೊಂದು ಪರ್ಯಾಯಗಳೆಂದು ಮೇಲುನೋಟಕ್ಕೆ ತೋರಬಹುದು. ಅಡುಗೆಮನೆಯಲ್ಲಿ ಬೆಳೆದ ಕಿವಿಗೆ ಹಾಗೆ ತೋರುವುದಿಲ್ಲ. ಸಿಪ್ಪೆ ಸುಲಿದು ತೆಗೆಯುವಂಥದು. ಹಣ್ಣಿನ ಹೊರಗಿನದು, ರಸ ತೆಗೆಯುವುದಕ್ಕೆ ಮೊದಲೇ ಬೇರೆಯಾಗುವುದು. ಹಿಪ್ಪೆ ಹಿಂಡಿದ ಮೇಲೆ ಉಳಿಯುವಂಥದು, ಹಣ್ಣಿನ ಒಳಗಿನದು. ಹಿಂಡಿ ಗಾಣದ ಒತ್ತಡದಿಂದ ಗಟ್ಟಿಗೊಂಡದ್ದು. ಚರಟವು ಕುದಿಸಿ ಸೋಸಿದಾಗ ಅಥವಾ ಕಾಯಿಸಿದಾಗ ಉಳಿಯುವಂಥದು: ಕಾಫಿಯ ಚರಟ, ತುಪ್ಪದ ಚರಟ. ಗಸಿ, ಗಷ್ಟು, ಮಡ್ಡಿಗಳು ಯಾರೂ ಒತ್ತದೆ, ಯಾರೂ ಸೋಸದೆ, ಕಾಲಾಂತರದಲ್ಲಿ ತಾವಾಗಿಯೇ ತಳಕ್ಕೆ ಇಳಿಯುವಂಥವು. ಸುಲಿಯುವುದು, ಹಿಂಡುವುದು, ಗಾಣಕ್ಕೆ ಹಾಕುವುದು, ಕುದಿಸುವುದು, ಸುಮ್ಮನೆ ಬಿಡುವುದು ಹೀಗೆ ಐದು ಕ್ರಿಯೆಗಳಿಗೆ ಐದು ಬಗೆಯ ಉಳಿಕೆ, ಐದು ಬಗೆಯ ಹೆಸರು. ಪದ ಉಳಿದ ವಸ್ತುವನ್ನು ಮಾತ್ರ ಹೇಳುತ್ತಿಲ್ಲ, ಅದು ಉಳಿದ ಬಗೆಯನ್ನೂ ಹೇಳುತ್ತಿದೆ.

ಕಬ್ಬಿನ ವಿಷಯದಲ್ಲಿ ನಾವು ಸಿಪ್ಪೆ ಎಂದೇ ಹೇಳುತ್ತೇವೆ, ಹಿಪ್ಪೆ ಎನ್ನುವುದು ವಿರಳ ಎಂಬ ಆಕ್ಷೇಪ ಇಲ್ಲಿ ಬರಬಹುದು. ಅದು ನಿಜ. ಕಬ್ಬನ್ನು ಹಲ್ಲಿನಿಂದ ಸಿಗಿದು ತಿನ್ನುವವನಿಗೆ ಸಿಪ್ಪೆ ಸುಲಿಯುವುದೂ ಜಗಿದು ಉಗುಳುವುದೂ ಒಂದೇ ಬಾಯಿಯ ಕೆಲಸ. ಎರಡು ಹೆಸರುಗಳು ಅಲ್ಲಿ ಕಲೆತುಹೋಗಿರುವುದು ಆಶ್ಚರ್ಯವಲ್ಲ. ಬಳಕೆಯ ನುಡಿ ಶಾಸ್ತ್ರಗ್ರಂಥವಲ್ಲ. ಅದರಲ್ಲಿ ಗಡಿಗಳು ಅಲ್ಲಲ್ಲಿ ಅಳಿಸಿರುತ್ತವೆ. ಗಡಿ ಅಲ್ಲಲ್ಲಿ ಅಳಿಸಿದೆಯೆಂದು ಹೊಲವೇ ಇರಲಿಲ್ಲವೆನ್ನುವುದು ಮಾತ್ರ ತರ್ಕವಲ್ಲ.

ಈ ಹೆಸರುಗಳಲ್ಲಿ ಯಾವುದೂ ಬಿಸಾಡು ಎಂದು ಹೇಳುವುದಿಲ್ಲ ಎಂಬುದನ್ನೂ ಗಮನಿಸಬೇಕು. ಹುಳಿ ಹಿಂಡಿದ ಹುಣಸೆಯ ಹಿಪ್ಪೆಯಲ್ಲಿ ಆಮ್ಲದ ಅಂಶ ಉಳಿದಿರುತ್ತದೆ. ಅದರಿಂದಲೇ ಹಿತ್ತಾಳೆಯ ಪಾತ್ರೆಗಳು ಹೊಳಪು ಪಡೆಯುತ್ತಿದ್ದವು. ಹಿಂಡಿದ ನಿಂಬೆಯ ಹೋಳುಗಳು ಉಪ್ಪಿನಲ್ಲಿ ನೆನೆದು ಉಪ್ಪಿನಕಾಯಿಯಾಗುತ್ತಿದ್ದವು. ಕಾಯಿತುರಿಯ ಮೊದಲ ಹಾಲು ತೆಗೆದ ಮೇಲೆ ಅದೇ ಹಿಪ್ಪೆಗೆ ಬಿಸಿನೀರು ಬೆರೆಸಿ ಎರಡನೆಯ ಹಾಲು ತೆಗೆಯುವುದು ಕರಾವಳಿಯ ಪ್ರತಿಯೊಂದು ಮನೆಗೂ ಗೊತ್ತು. ಆಲೆಮನೆಯಲ್ಲಿ ರಸ ಕಳೆದುಕೊಂಡ ಕಬ್ಬಿನ ಸಿಪ್ಪೆಯನ್ನು ಒಣಗಿಸಿ, ಆ ರಸದ ಕೊಪ್ಪರಿಗೆಯ ಕೆಳಗೇ ಉರಿಸುತ್ತಾರೆ; ಕಬ್ಬಿನ ರಸ ಬೆಲ್ಲವಾಗುವುದು ಕಬ್ಬಿನ ಉಳಿಕೆಯ ಬೆಂಕಿಯಿಂದಲೇ. ಇಂದಿನ ಸಕ್ಕರೆ ಕಾರ್ಖಾನೆಗಳಲ್ಲಿ ನೂರು ಕಿಲೋ ಕಬ್ಬನ್ನು ಅರೆದರೆ ಸುಮಾರು 30 ಕಿಲೋ ಒದ್ದೆ ಸಿಪ್ಪೆ ಉಳಿಯುತ್ತದೆ. ಅದರಿಂದ ಉಗಿ, ವಿದ್ಯುತ್ತು, ಕಾಗದ ತಯಾರಾಗುತ್ತವೆ. ಕಾರ್ಖಾನೆಯ ಲೆಕ್ಕಪುಸ್ತಕದಲ್ಲಿ ಬೆಲೆಯಿರುವ ವಸ್ತುವನ್ನು ಪಠ್ಯಪುಸ್ತಕದ ಕನ್ನಡ ‘ತ್ಯಾಜ್ಯ’ ಎಂದು ಕರೆದರೆ ತಪ್ಪಿರುವುದು ಎಲ್ಲಿ?

‘ತ್ಯಾಜ್ಯ’ ಎಂಬುದು ಸಂಸ್ಕೃತದ ವಿಧ್ಯರ್ಥಕ ಕೃದಂತ. ಬಿಡತಕ್ಕದ್ದು, ಬಿಡಲೇಬೇಕಾದದ್ದು ಎಂಬುದು ಅದರ ಅರ್ಥ. ಅಂದರೆ ಅದು ವಸ್ತುವಿನ ವರ್ಣನೆಯಲ್ಲ, ವಸ್ತುವಿನ ಮೇಲೆ ಕೊಟ್ಟ ತೀರ್ಪು. ಹಿಪ್ಪೆ ಎಂದಾಗ ಇದನ್ನು ಹಿಂಡಲಾಗಿದೆ ಎಂಬಷ್ಟೇ ಸಂಗತಿ ತಿಳಿಯುತ್ತದೆ. ಮುಂದೆ ಏನು ಮಾಡಬೇಕೆಂಬುದು ಕೇಳುವವನ ವಿವೇಕಕ್ಕೆ ಬಿಟ್ಟದ್ದು. ತ್ಯಾಜ್ಯ ಎಂದಾಗ ವಿವೇಚನೆಗೆ ಮೊದಲೇ ವಿವೇಚನೆ ಮುಗಿದಿರುತ್ತದೆ. ನಾನು ಸಂಸ್ಕೃತ ಪದಗಳ ವಿರೋಧಿಯಲ್ಲ. ಈ ಉಳಿಕೆಗಳ ವಿಷಯದಲ್ಲಿ ಸಂಸ್ಕೃತ ಪ್ರಾಕೃತಗಳೂ ಕನ್ನಡದಷ್ಟೇ ಸೂಕ್ಷ್ಮವಾಗಿವೆ ಎಂಬುದೇ ನನ್ನ ವಾದದ ಮುಂದಿನ ಭಾಗ.

ವೈದಿಕ ಯಜ್ಞಪ್ರಕ್ರಿಯೆಯಲ್ಲಿ ಸೋಮವನ್ನು ಹಿಂಡಿದ ಮೇಲೆ ಉಳಿದ ನಾರಿಗೆ ‘ಋಜೀಷ’ವೆಂದು ಹೆಸರು. ಮೂರನೆಯ ಸವನದಲ್ಲಿ ಆ ಋಜೀಷವನ್ನೇ ಮತ್ತೆ ಹಿಂಡಿ ರಸ ತೆಗೆಯುತ್ತಾರೆ. ಯಜ್ಞ ಮುಗಿದಾಗ ಅವಭೃಥದಲ್ಲಿ ಅದನ್ನು ನೀರಿಗೆ ಒಯ್ಯುತ್ತಾರೆ. ಋಗ್ವೇದದಲ್ಲಿ ಇಂದ್ರನಿಗೆ ‘ಋಜೀಷಿನ್’ ಎಂಬ ವಿಶೇಷಣ ಬರುತ್ತದೆ. ವಿಜಯನಗರದ ಕಾಲದ ಭಾಷ್ಯಕಾರ ಸಾಯಣನು ಇದನ್ನು ಸಾರ ತೆಗೆದ ಸೋಮದೊಡನೆ ಸಂಬಂಧಿಸಿ ವಿವರಿಸಿದರೆ, ಆಧುನಿಕ ವಿದ್ವಾಂಸರಲ್ಲಿ ಕೆಲವರು ನೇರವಾಗಿ ಮುನ್ನುಗ್ಗುವವನು ಎಂಬ ಅರ್ಥವನ್ನು ಒಪ್ಪುತ್ತಾರೆ. ಯಾವ ಪಕ್ಷ ಸರಿಯೆಂಬ ತೀರ್ಮಾನ ಇಲ್ಲಿ ಬೇಕಿಲ್ಲ. ಸಾಯಣನ ಅರ್ಥವನ್ನು ಓದುವಾಗ ‘ಕಸವುಳ್ಳವನು’ ಎಂದು ಯಾರಾದರೂ ಅನುವಾದಿಸಿದರೆ ದೇವರಾಜನಿಗೆ ಕೊಟ್ಟ ಬಿರುದು ಬೈಗುಳವಾಗುತ್ತದೆ. ಎರಡನೆಯ ಹಾಲನ್ನು ಬಲ್ಲ ಕರಾವಳಿಯ ಗೃಹಿಣಿ ಈ ತಪ್ಪು ಮಾಡಲಾರಳು. ಋಜೀಷವೆಂದರೆ ಇನ್ನೂ ಒಮ್ಮೆ ಹಿಂಡಬಹುದಾದ ಹಿಪ್ಪೆ ಎಂದು ಆಕೆಗೆ ಹೇಳಿದರೆ ಸಾಕು.

‘ಪಿಣ್ಯಾಕ’ದ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ ಸುರಾಪಾನದ ಪ್ರಾಯಶ್ಚಿತ್ತವಾಗಿ ಒಂದು ವರ್ಷ ರಾತ್ರಿ ಒಂದೇ ಹೊತ್ತು ನುಚ್ಚನ್ನೋ ಪಿಣ್ಯಾಕವನ್ನೋ ತಿನ್ನಬೇಕೆಂಬ ವಿಧಿ ಇದೆ. ಬಹಳ ಹಿಂದೆ ಇದನ್ನು ವಿವರಿಸುವಾಗ ಪಿಣ್ಯಾಕಕ್ಕೆ ‘ನಿಸ್ಸಾರವಾದ ಕಸ’ ಎಂದು ಅರ್ಥ ಬರೆದು, ಕಸ ತಿನ್ನಿಸುವ ಕ್ರೂರ ಶಿಕ್ಷೆ ಎಂದು ಟಿಪ್ಪಣಿಯನ್ನೂ ಸೇರಿಸಿದ್ದೆ. ಪಿಣ್ಯಾಕವೆಂದರೆ ಎಣ್ಣೆ ತೆಗೆದ ಎಳ್ಳಿನ ಹಿಂಡಿ. ಕಸವಲ್ಲ, ಬಡ ಆಹಾರ. ಜೊತೆಗೆ ಹೇಳಿರುವ ನುಚ್ಚೂ ಅಂಥದೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಎತ್ತುಗಳಿಗೆ ನಿಗದಿಪಡಿಸಿದ ಆಹಾರದಲ್ಲಿ ಗಾಣದ ಪಿಣ್ಯಾಕ ಒಂದು ತುಲಾ ಪ್ರಮಾಣದಲ್ಲಿ ಸೇರಿದೆ. ಅದನ್ನು ತೂಗಿ ಕೊಡುತ್ತಿದ್ದರು, ಎಸೆಯುತ್ತಿರಲಿಲ್ಲ. ಪ್ರಾಯಶ್ಚಿತ್ತದ ಒಳತರ್ಕವೂ ಹೀಗೆ ನೋಡಿದಾಗ ಬೇರೆಯಾಗಿ ಕಾಣುತ್ತದೆ. ಧಾನ್ಯದಿಂದ ತೆಗೆದ ಮಾದಕ ಸಾರವನ್ನು ಕುಡಿದವನು, ಸಾರವನ್ನು ತೆಗೆದ ಮೇಲೆ ಉಳಿದುದನ್ನು ಒಂದು ವರ್ಷ ತಿಂದು ಬದುಕಬೇಕು. ಇದು ನನ್ನ ಊಹೆಯಷ್ಟೆ. ಆದರೆ ‘ಕಸ’ ಎಂಬ ಅರ್ಥ ಇಂಥ ಊಹೆಗೆ ಕೂಡ ಬಾಗಿಲು ಮುಚ್ಚಿಬಿಟ್ಟಿತ್ತು.

ಇದೇ ಪದದ ಪ್ರಾಕೃತ ರೂಪ ‘ಪಿಣ್ಣಾಗ’ ಸೂತ್ರಕೃತಾಂಗದ ಎರಡನೆಯ ಶ್ರುತಸ್ಕಂಧದಲ್ಲಿ, ಆರ್ದ್ರಕಕುಮಾರನು ಪರಮತದವರೊಡನೆ ನಡೆಸುವ ವಾದದಲ್ಲಿ ಬರುತ್ತದೆ. ಹಿಂಸೆಯ ಪಾಪ ಕ್ರಿಯೆಯಲ್ಲಿದೆಯೋ ಭಾವನೆಯಲ್ಲಿದೆಯೋ ಎಂಬುದು ಅಲ್ಲಿಯ ಪ್ರಶ್ನೆ. ಪಿಣ್ಣಾಗದ ಮುದ್ದೆಯೊಂದನ್ನು ಮನುಷ್ಯನೆಂದು ಭಾವಿಸಿ ಶೂಲಕ್ಕೆ ಚುಚ್ಚಿ ಬೇಯಿಸಿದವನಿಗೆ ಕೊಲೆಯ ಪಾಪವಿದೆ, ಮನುಷ್ಯನನ್ನು ಪಿಣ್ಣಾಗದ ಮುದ್ದೆಯೆಂದು ಭಾವಿಸಿ ಹಾಗೆ ಮಾಡಿದವನಿಗೆ ಇಲ್ಲ ಎಂಬ ವಾದವನ್ನು ಬೌದ್ಧನ ಬಾಯಿಂದ ಹೇಳಿಸಿ, ಆರ್ದ್ರಕನು ಅದನ್ನು ನಿರಾಕರಿಸುತ್ತಾನೆ. ಪ್ರತಿವಾದಿಯ ಸಿದ್ಧಾಂತವನ್ನು ಗ್ರಂಥವು ವ್ಯಂಗ್ಯವಾಗಿ ಹಿಗ್ಗಿಸಿದೆಯೆಂಬುದು ಸ್ಪಷ್ಟ. ನಮಗೆ ಬೇಕಾದ ಪ್ರಶ್ನೆ ಬೇರೆ: ಉದಾಹರಣೆಗೆ ಪಿಣ್ಣಾಗವೇ ಏಕೆ ಬೇಕಿತ್ತು? ಅದು ಗಟ್ಟಿಯಾದ, ಶೂಲದಲ್ಲಿ ನಿಲ್ಲಬಲ್ಲ, ಬೇಯಿಸಿ ತಿನ್ನಬಹುದಾದ, ಆದರೆ ಜೀವವಿಲ್ಲದ ಪಿಂಡವಾದುದರಿಂದ. ‘ಕಸದ ರಾಶಿ’ ಎಂದು ಅನುವಾದಿಸಿದರೆ ಶೂಲವೂ ನಿಲ್ಲುವುದಿಲ್ಲ, ವಾದವೂ ನಿಲ್ಲುವುದಿಲ್ಲ. ಭಾರತೀಯ ದರ್ಶನಚರಿತ್ರೆಯ ಒಂದು ಮುಖ್ಯ ವಿವಾದವನ್ನು ಅರ್ಥಮಾಡಿಕೊಳ್ಳಲು ಗಾಣದ ಹಿಂಡಿ ಹೇಗಿರುತ್ತದೆ ಎಂಬ ತಿಳಿವಳಿಕೆ ಬೇಕಾಗುತ್ತದೆ.

‘ಕಲ್ಕ’ದ ಅರ್ಥವ್ಯಾಪ್ತಿ ಇನ್ನೂ ವಿಚಿತ್ರ. ಆಯುರ್ವೇದದ ಐದು ಮೂಲ ಕಲ್ಪನೆಗಳಾದ ಸ್ವರಸ, ಕಲ್ಕ, ಕ್ವಾಥ, ಶೀತ, ಫಾಂಟಗಳಲ್ಲಿ ಸ್ವರಸವೆಂದರೆ ಹಿಂಡಿದ ರಸ. ಕಲ್ಕವೆಂದರೆ ಅರೆದ ಮುದ್ದೆ. ಅದು ಉಳಿಕೆಯಲ್ಲ, ಔಷಧವೇ. ಕಲ್ಕ, ಸ್ನೇಹ, ದ್ರವಗಳನ್ನು ಒಂದು, ನಾಲ್ಕು, ಹದಿನಾರರ ಪ್ರಮಾಣದಲ್ಲಿ ಸೇರಿಸಿ ಔಷಧೀಯ ತೈಲವನ್ನು ಕಾಯಿಸುವುದು ಸಾಮಾನ್ಯ ಕ್ರಮ. ತೈಲ ಪಾಕಕ್ಕೆ ಬಂದಿತೇ ಎಂದು ತಿಳಿಯುವುದಕ್ಕೆ ವೈದ್ಯನು ಆ ಕಲ್ಕವನ್ನು ಬೆರಳುಗಳ ನಡುವೆ ಹೊಸೆದು ನೋಡುತ್ತಾನೆ, ಅದು ಬತ್ತಿಯಾಗಬೇಕು. ಆದರೆ ಅಮರಕೋಶದ ನಾನಾರ್ಥವರ್ಗದಲ್ಲಿ ಕಲ್ಕಕ್ಕೆ ಮಲ ಮತ್ತು ಪಾಪ ಎಂಬ ಅರ್ಥಗಳಿವೆ. ಮಹಾಭಾರತದ ಆದಿಪರ್ವದಲ್ಲಿ ತಪಸ್ಸು, ಅಧ್ಯಯನ ಮುಂತಾದವು ಸ್ವತಃ ಕಲ್ಕವಲ್ಲ, ಭಾವ ಕೆಟ್ಟಾಗ ಅವೇ ಕಲ್ಕವಾಗುತ್ತವೆ ಎಂಬ ಅಭಿಪ್ರಾಯ ಬರುತ್ತದೆ. ವೈದ್ಯನ ಕಲ್ಕವನ್ನು ಕವಿಯ ಕಲ್ಕವೆಂದು ಓದಿದರೆ ಔಷಧ ಪಾಪವಾಗುತ್ತದೆ. ಕವಿಯದನ್ನು ವೈದ್ಯನದೆಂದು ಓದಿದರೆ ಪಾಪ ಔಷಧವಾಗುತ್ತದೆ. ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕದಂಥ ವೈದ್ಯಗ್ರಂಥವನ್ನೂ ಅದೇ ಸಂಪ್ರದಾಯದ ಧರ್ಮಗ್ರಂಥಗಳನ್ನೂ ಒಟ್ಟಿಗೆ ಓದುವ ಸಂಶೋಧಕನಿಗೆ ಈ ಎಚ್ಚರ ಹೆಜ್ಜೆಹೆಜ್ಜೆಗೂ ಬೇಕು.

‘ಕಿಟ್ಟ’ವೂ ಹೀಗೆಯೇ. ಉಂಡ ಆಹಾರವು ಜೀರ್ಣವಾದಾಗ ಸಾರವಾದ ರಸ ಮತ್ತು ಕಿಟ್ಟ ಎಂದು ಎರಡಾಗುತ್ತದೆಯೆಂದು ಚರಕಸಂಹಿತೆಯ ಸೂತ್ರಸ್ಥಾನ ಹೇಳುತ್ತದೆ. ಆ ಕಿಟ್ಟದಿಂದ ಮಲಮೂತ್ರಗಳಷ್ಟೇ ಅಲ್ಲ, ಕೂದಲು, ಉಗುರುಗಳೂ ಪೋಷಣೆ ಪಡೆಯುತ್ತವೆ. ಮಲಗಳು ಕೂಡ ಮಿತಿಯಲ್ಲಿದ್ದಾಗ ದೇಹವನ್ನು ಧರಿಸುತ್ತವೆ. ರಸಶಾಸ್ತ್ರದಲ್ಲಿ ಕಬ್ಬಿಣದ ಕಿಟ್ಟಕ್ಕೆ ‘ಮಂಡೂರ’ವೆಂದು ಹೆಸರು, ನೂರು ವರ್ಷ ಹಳೆಯದಾದುದು ಉತ್ತಮವೆಂದು ಅದನ್ನು ಔಷಧಕ್ಕೆ ಬಳಸುತ್ತಾರೆ. ಸಾರ ಒಳ್ಳೆಯದು, ಕಿಟ್ಟ ಕೆಟ್ಟದ್ದು ಎಂಬ ಸರಳ ದ್ವಂದ್ವವನ್ನು ಈ ಶಾಸ್ತ್ರಗಳು ಒಪ್ಪಿಲ್ಲ.

ಯೂರೋಪಿನ ನುಡಿಗಳ ಕಡೆಗೂ ಒಮ್ಮೆ ನೋಡುವುದು ಉಪಯುಕ್ತ, ಏಕೆಂದರೆ ನಮ್ಮ ಪಾರಿಭಾಷಿಕ ಪದಗಳಲ್ಲಿ ಹೆಚ್ಚಿನವು ಅಲ್ಲಿಂದ ಅನುವಾದವಾಗಿ ಬರುತ್ತಿವೆ. ಸೇಬನ್ನು ಹಿಂಡಿ ಉಳಿದುದಕ್ಕೆ ಇಂಗ್ಲಿಷಿನಲ್ಲಿ ಪೊಮೇಸ್ ಎನ್ನುತ್ತಾರೆ. ಅದರ ಮೂಲದಲ್ಲಿರುವುದು ಹಣ್ಣು ಎಂಬ ಅರ್ಥದ ಲ್ಯಾಟಿನ್ ಪದ. ಮಧ್ಯಯುಗದ ಲ್ಯಾಟಿನ್ನಿನಲ್ಲಿ ಅದರಿಂದ ಹುಟ್ಟಿದ ರೂಪ ಸೇಬಿನ ಮದ್ಯಕ್ಕೇ ಹೆಸರಾಗಿತ್ತು. ರಸದ ಹೆಸರು ಹಿಪ್ಪೆಗೆ ಬಂದಿತು. ದ್ರಾಕ್ಷಿಯ ಹಿಪ್ಪೆಗೆ ಫ್ರೆಂಚರು ಕೊಟ್ಟ ಮಾರ್ ಎಂಬ ಹೆಸರು ತುಳಿಯುವುದು ಎಂಬ ಅರ್ಥದ ಕ್ರಿಯಾಪದದಿಂದ ಬಂದುದು. ದ್ರಾಕ್ಷಿಯನ್ನು ಕಾಲಿನಿಂದ ತುಳಿದು ರಸ ತೆಗೆಯುತ್ತಿದ್ದ ಕಾಲದ ನೆನಪು ಅದರಲ್ಲಿದೆ. ಕಬ್ಬಿನ ಸಿಪ್ಪೆಯನ್ನು ಹೇಳುವ ಬಗಾಸ್ ಸ್ಪ್ಯಾನಿಷ್ ಮೂಲದ್ದು. ರೋಮಿನ ಕೇಟೋ ತನ್ನ ಕೃಷಿಗ್ರಂಥದಲ್ಲಿ ದ್ರಾಕ್ಷಿಯ ಹಿಪ್ಪೆಯನ್ನು ನೀರಿನಲ್ಲಿ ನೆನೆಸಿ ತೆಗೆದ ‘ಲೋರಾ’ ಎಂಬ ತೆಳುಮದ್ಯವನ್ನು ಸುಗ್ಗಿಯ ನಂತರ ಮೂರು ತಿಂಗಳು ಆಳುಗಳಿಗೆ ಕೊಡಬೇಕೆಂದು ಬರೆದಿದ್ದಾನೆ. ಮೊದಲ ರಸ ಯಾರಿಗೆ, ಎರಡನೆಯ ರಸ ಯಾರಿಗೆ ಎಂಬ ಸಮಾಜದ ಲೆಕ್ಕವೂ ಹಿಪ್ಪೆಯ ಚರಿತ್ರೆಯಲ್ಲಿ ಸೇರಿದೆ. ಇಟಲಿಯಲ್ಲಿ ಇಂದು ದುಬಾರಿಯಾಗಿ ಮಾರಾಟವಾಗುವ ಗ್ರಾಪ್ಪಾ ಬಟ್ಟಿಯಿಳಿಯುವುದು ಇದೇ ಹಿಪ್ಪೆಯಿಂದ. ಒಂದೊಂದು ಪದಕ್ಕೂ ಇಷ್ಟು ಚರಿತ್ರೆಯಿರುವಾಗ, ಇವೆಲ್ಲಕ್ಕೂ ಕನ್ನಡದಲ್ಲಿ ‘ಹಣ್ಣಿನ ತ್ಯಾಜ್ಯ’ ಎಂಬ ಒಂದೇ ಮುದ್ರೆಯನ್ನು ಒತ್ತುವುದು ಅನುವಾದವಲ್ಲ, ಸೋಮಾರಿತನ. ಹಿಪ್ಪೆ ಎಂಬ ಸಿದ್ಧಪದ ಕೈಯಲ್ಲಿಯೇ ಇದೆ: ಸೇಬಿನ ಹಿಪ್ಪೆ, ದ್ರಾಕ್ಷಿಯ ಹಿಪ್ಪೆ, ಕಿತ್ತಳೆಯ ಹಿಪ್ಪೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ವಿಜ್ಞಾನಕ್ಕೆ ಏಕರೂಪದ ಪರಿಭಾಷೆ ಬೇಕು, ಪ್ರಾಂತಕ್ಕೊಂದು ಅರ್ಥವಿರುವ ದೇಸಿ ಪದಗಳು ಅಲ್ಲಿ ನಡೆಯುವುದಿಲ್ಲ ಎಂಬುದು ಮೊದಲನೆಯದು. ಏಕರೂಪತೆ ಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಏಕರೂಪತೆಯೆಂದರೆ ಒಂದು ವಸ್ತುವಿಗೆ ಒಂದೇ ಪದವಿರುವುದು. ಹತ್ತು ವಸ್ತುಗಳಿಗೆ ಒಂದೇ ಪದವಿರುವುದಲ್ಲ. ಎರಡನೆಯದು, ಜೀವನಕ್ರಮ ಬದಲಾದಾಗ ಪದಗಳು ಹೋಗುವುದು ಸಹಜ, ಗಾಣ ಹೋದ ಮೇಲೆ ಗಾಣದ ಪದಗಳಿಗಾಗಿ ಅಳುವುದೇಕೆ ಎಂಬುದು. ಇದಕ್ಕೆ ನನ್ನ ಉತ್ತರ ಸಂಶೋಧಕರನ್ನು ಉದ್ದೇಶಿಸಿದ್ದು. ಜನ ಯಾವ ಪದವನ್ನು ಬಳಸಬೇಕೆಂದು ವಿಧಿಸುವ ಅಧಿಕಾರ ಯಾರಿಗೂ ಇಲ್ಲ. ಆದರೆ ಗಾಣವಿದ್ದ ಕಾಲದ ಗ್ರಂಥಗಳನ್ನು ಓದುವ ಕೆಲಸವನ್ನು ನಾವು ಸ್ವಇಚ್ಛೆಯಿಂದ ಕೈಗೊಂಡಿದ್ದೇವೆ. ಆ ಗ್ರಂಥಗಳು ಗಾಣವನ್ನು ಬಲ್ಲ ಓದುಗನನ್ನು ನಿರೀಕ್ಷಿಸುತ್ತವೆ. ನಮ್ಮ ಬದುಕಿನಲ್ಲಿ ಗಾಣವಿಲ್ಲದಿದ್ದರೆ ನಮ್ಮ ಟಿಪ್ಪಣಿಗಳಲ್ಲಾದರೂ ಅದು ಇರಬೇಕು.

ಆದ್ದರಿಂದ ಸಂಪಾದಕರಿಗೂ ಅರ್ಥಕೋಶಗಳನ್ನು ಸಿದ್ಧಪಡಿಸುವ ವಿದ್ಯಾರ್ಥಿಗಳಿಗೂ ಒಂದು ಸಣ್ಣ ಸಲಹೆ. ಉಳಿಕೆಯನ್ನು ಹೇಳುವ ಪದ ಬಂದಾಗ ‘ಕಸ’, ‘ತ್ಯಾಜ್ಯ’, ‘ನಿಸ್ಸಾರ ವಸ್ತು’ ಎಂದು ಬರೆದು ಮುಂದೆ ಹೋಗಬಾರದು. ಯಾವುದರಿಂದ ಉಳಿದದ್ದು, ಯಾವ ಕ್ರಿಯೆಯಿಂದ ಉಳಿದದ್ದು, ಅದರಿಂದ ಏನನ್ನು ತೆಗೆಯಲಾಗಿದೆ, ತೆಗೆದ ಮೇಲೆ ಅದು ಎಲ್ಲಿಗೆ ಹೋಗುತ್ತಿತ್ತು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು. ಕಿಟ್ಟೆಲ್ ತನ್ನ 1894ರ ನಿಘಂಟಿನಲ್ಲಿ ಸೋದರ ನುಡಿಗಳ ರೂಪಗಳನ್ನೂ ಗಾದೆಗಳನ್ನೂ ಸೇರಿಸಿ ತೋರಿಸಿದ ಶ್ರದ್ಧೆ ನಮಗೆ ಮಾದರಿಯಾಗಬಹುದು. ಊರಿನಲ್ಲಿ ಇನ್ನೂ ಉಳಿದಿರುವ ಗಾಣಿಗರನ್ನು, ಆಲೆಮನೆಯವರನ್ನು, ಹಿರಿಯ ಗೃಹಿಣಿಯರನ್ನು ಕೇಳುವುದೂ ಸಂಶೋಧನೆಯೇ.

ಉಳಿದದ್ದು ಎಂಬ ಅರ್ಥದ ‘ಶೇಷ’ವೇ ಕನ್ನಡದಲ್ಲಿ ‘ಸೇಸೆ’ಯಾಗಿ ತಲೆಯ ಮೇಲೆ ಇಡುವ ಮಂಗಳಾಕ್ಷತೆಯಾಯಿತೆಂಬುದನ್ನು ಹಳಗನ್ನಡ ಕಾವ್ಯಗಳನ್ನು ಓದಿದವರೆಲ್ಲ ಬಲ್ಲರು. ಉಳಿಕೆಯನ್ನು ಗೌರವಿಸಬಲ್ಲ ನುಡಿ ನಮ್ಮದು. ಹಾಗೆಂದು ಬಿಡಬೇಕಾದುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ತತ್ತ್ವಾರ್ಥಸೂತ್ರವು ಕರ್ಮದ ವಿಪಾಕವನ್ನು ಅನುಭವವೆಂದು ಹೇಳಿ, ಅದರ ನಂತರ ನಿರ್ಜರೆಯನ್ನು ಹೇಳುತ್ತದೆ. ಸಮಯಸಾರದಲ್ಲಿ ಕುಂದಕುಂದಾಚಾರ್ಯರು ಪಕ್ವವಾಗಿ ಉದುರಿದ ಹಣ್ಣು ಮತ್ತೆ ತೊಟ್ಟಿಗೆ ಅಂಟದೆಂಬ ದೃಷ್ಟಾಂತವನ್ನು ಕೊಟ್ಟಿದ್ದಾರೆ. ತನ್ನ ರಸವನ್ನು ಕೊಟ್ಟು ಮುಗಿಸಿದುದು ಕಳಚಿ ಬೀಳಬೇಕಾದುದೇ. ಆದರೆ ಅಲ್ಲಿಯೂ ಕ್ರಮವಿದೆ: ರಸ ಮುಗಿದ ಮೇಲೆ ಬಿಡುಗಡೆ, ಅದಕ್ಕೆ ಮೊದಲಲ್ಲ. ನಮ್ಮ ಹಳೆಯ ಪದಗಳ ವಿಷಯದಲ್ಲಿ ನಾವು ಮಾಡುತ್ತಿರುವುದು ಇದರ ವಿಪರೀತ. ಒಮ್ಮೆಯೂ ಸರಿಯಾಗಿ ಹಿಂಡದೆಯೇ ಅವನ್ನು ಹಿಪ್ಪೆಯೆಂದು ತಿಳಿದು ಹೊರಗೆ ಹಾಕುತ್ತಿದ್ದೇವೆ; ಹಿಪ್ಪೆ ಎಂಬ ಪದವನ್ನೂ ಸೇರಿಸಿ.